ಸದ್ದಿಲ್ಲದ ಪೆಟ್ಟಿಗೆ

ಪೋಸ್ಟಾಫೀಸಿನಲ್ಲಿ ಕಾಗದಗಳಿಗೆ ಮೊಹರು ಒತ್ತುವುದು ಅವನ ಕೆಲಸ. ಹನ್ನೆರಡು ವರ್ಷಗಳಿಂದ ಒತ್ತುತ್ತಲೇ ಇದ್ದಾನೆ. ಇಷ್ಟು ವರ್ಷಗಳಲ್ಲಿ ಅವನ ಮೊಹರು ನೆಟ್ಟಗೆ ಅಂಚೆಚೀಟಿಯ ಮೇಲೆ ಬಿದ್ದದ್ದು ಬೆರಳೆಣಿಕೆಯಷ್ಟು ಸಲ. ಒಮ್ಮೆ ವಿಳಾಸದ ಮೇಲೆ ಬೀಳುತ್ತದೆ, ಒಮ್ಮೆ ಮೇಜಿನ ಮೇಲೆ. ಎರಡು ಸಲ ಪಕ್ಕದ ಕುರ್ಚಿಯ ಗುಮಾಸ್ತನ ಅಂಗಿಯ ತೋಳಿನ ಮೇಲೆ ಬಿದ್ದು, ಆ ತೋಳು ಅಂದಿನ ತಾರೀಖನ್ನು ಹೊತ್ತುಕೊಂಡೇ ಮನೆಗೆ ಹೋಗಿದೆ. ಮೊಹರಿಗೂ ಚೀಟಿಗೂ ನಡುವಿನ ದೂರ ಹೆಚ್ಚೆಂದರೆ ಒಂದು ಗೇಣು. ಒಂದು ಗೇಣಿನಲ್ಲಿ ಗುರಿ ತಪ್ಪುವ ಈ ಮನುಷ್ಯನನ್ನು ಆಫೀಸಿನವರೆಲ್ಲ 'ಗುರಿಕಾರ' ಎಂದು ಕರೆಯುತ್ತಾರೆ, ಅದೂ ತಮಾಷೆಗಲ್ಲ.

ಆದದ್ದು ಇಷ್ಟೇ. ಇಲಾಖೆಯ ಕ್ರೀಡಾಕೂಟದಲ್ಲಿ ಏರ್‌ಗನ್ನಿನಿಂದ ಬಲೂನು ಒಡೆಯುವ ಆಟವಿತ್ತು. ಒಬ್ಬೊಬ್ಬರಿಗೆ ಒಂದೇ ಗುಂಡು. ಹಲಗೆಯ ನಟ್ಟನಡುವೆ ಕುಂಬಳಕಾಯಿ ಗಾತ್ರದ ಕೆಂಪು ಬಲೂನು. ಮೇಲಿನ ಮೂಲೆಯಲ್ಲಿ ನಿಂಬೆಹಣ್ಣಿನಷ್ಟು ಪುಟ್ಟ ಬಿಳಿ ಬಲೂನು. ನಮ್ಮವನು ಕುಂಬಳಕಾಯಿಗೇ ಗುರಿಯಿಟ್ಟ. ಬಂದೂಕಿನ ಕುದುರೆ ಎಳೆಯುವ ಹೊತ್ತಿಗೆ ಸರಿಯಾಗಿ ಒಂದು ಸೀನು ಬಂತು. ಕಣ್ಣು ಬಿಟ್ಟು ನೋಡಿದರೆ ಮೂಲೆಯ ನಿಂಬೆಹಣ್ಣು ಇರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ.

ಪೋಸ್ಟ್‌ಮಾಸ್ಟರು ಓಡಿ ಬಂದು ಕೇಳಿದರು, "ಏನ್ರೀ, ಆ ಬಿಳೀದಕ್ಕೇ ಗುರಿ ಇಟ್ಟಿದ್ರಾ?"

'ಇಲ್ಲ ಸಾರ್, ಸೀನು ಬಂತು' ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಒಂದು ಸಂಸಾರ ನೆಮ್ಮದಿಯಿಂದ ಇರುತ್ತಿತ್ತು. ಆದರೆ ಹನ್ನೆರಡು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಮೂಗು ಒರೆಸಿಕೊಂಡು, "ಕೆಂಪು ತೀರಾ ಸುಲಭ ಅನ್ನಿಸ್ತು ಸಾರ್" ಎಂದುಬಿಟ್ಟ.

ಪೋಸ್ಟ್‌ಮಾಸ್ಟರು ಅಲ್ಲಿಯೇ, ಆ ನಿಂತ ಕಾಲಲ್ಲೇ, ಐದು ವಾರದ ನಂತರದ ಅಂತರ ಕಚೇರಿ ಏರ್‌ಗನ್ ಸ್ಪರ್ಧೆಗೆ ಅವನ ಹೆಸರು ಬರೆಸಿದರು. ಸುದ್ದಿ ಕೇಳಿ ಹಿಗ್ಗಿದ ಹೆಂಡತಿಯ ಅಣ್ಣ, ಅಂದರೆ ಅವನ ಭಾವ, ತನ್ನ ಮನೆಯ ಅಟ್ಟದಲ್ಲಿದ್ದ ಹಳೆಯ ಏರ್‌ಗನ್ನನ್ನೂ ಒಂದು ಡಬ್ಬಿ ಸೀಸದ ಗುಂಡನ್ನೂ ತಂದು ಕೈಗಿಟ್ಟು, "ಭಾವ, ನಮ್ಮ ಮನೆತನದಲ್ಲಿ ಒಬ್ಬರಾದ್ರೂ ಏನಾದ್ರೂ ಸಾಧಿಸಿ" ಎಂದ.

ಹೆಂಡತಿ ಶಾಲೆಯಲ್ಲಿ ಡ್ರಿಲ್ ಟೀಚರು. ಇನ್ನೂರು ಮಕ್ಕಳನ್ನು ಮೈದಾನದಲ್ಲಿ ಒಂದೇ ಗೆರೆಗೆ ನಿಲ್ಲಿಸುವ ದನಿ ಅವಳದು. ಮನೆಗೆ ಬಂದ ಮೇಲೂ ಆ ದನಿಯನ್ನು ಎಲ್ಲಿ ಬಿಚ್ಚಿಡಬೇಕೋ ಅವಳಿಗೆ ತಿಳಿದಿರಲಿಲ್ಲ. ಗಂಡ ಸ್ಪರ್ಧೆಗೆ ಹೋಗುತ್ತಾನೆಂದ ಕೂಡಲೇ ಅವಳು ಪುಸ್ತಕ ತೆಗೆದು ದಿನಕ್ಕೆ ಅರವತ್ತು ಗುಂಡು, ಬೆಳಿಗ್ಗೆ ಇಪ್ಪತ್ತು, ಸಂಜೆ ನಲವತ್ತು ಎಂದು ಬರೆದಳು. "ನಾನು ಹೇಳಿಕೊಟ್ಟೋರು ಯಾರೂ ಕೊನೇ ಸ್ಥಾನ ಬಂದಿಲ್ಲ" ಎಂದಳು.

ಅವರದು ಮಹಡಿಯ ಮೇಲಿನ ಬಾಡಿಗೆ ಮನೆ. ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ಉದ್ದನೆಯ ಓಣಿ, ಹದಿನಾಲ್ಕು ಹೆಜ್ಜೆ. ಗುರಿ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಜಾಗ. ಬಿಸ್ಕತ್ತಿನ ದೊಡ್ಡ ಡಬ್ಬಿಯ ಮುಚ್ಚಳವನ್ನು ತುದಿಗೆ ನಿಲ್ಲಿಸಿ, ಮುಂದೆ ವೃತ್ತ ಬರೆದ ಕಾಗದ ಅಂಟಿಸಿ, ಮೊದಲ ಗುಂಡು ಹಾರಿಸಿದ. ಕಾಗದಕ್ಕೆ ತಾಗಲಿಲ್ಲ, ಮುಚ್ಚಳಕ್ಕೆ ತಾಗಿತು. ಠಣಾರ್!

ಕೆಳಗೆ ಮಾಲೀಕರು ಮಲಗಿದ್ದರು. ನಿವೃತ್ತ ಮೇಷ್ಟ್ರು. ಮೂವತ್ತೊಂದು ವರ್ಷ ಗಲಾಟೆಯ ನಡುವೆ ಪಾಠ ಹೇಳಿ ಬಂದವರು ಈಗ ಉಳಿದ ಆಯುಸ್ಸಿಗೆಲ್ಲ ಮೌನ ಬೇಕೆಂದು ಹಟ ಹಿಡಿದಿದ್ದರು. ಅವರ ಹೆಂಡತಿ ಪಾತ್ರೆಯ ಕೆಳಗೆ ಬಟ್ಟೆ ಹಾಸಿ ಅಡುಗೆ ಮಾಡುತ್ತಿದ್ದರು, ಒಗ್ಗರಣೆ ಸಿಡಿದರೆ ಬಾಣಲೆಗೇ 'ಶ್' ಎನ್ನುತ್ತಿದ್ದರು. ಅಂಥ ಮನೆಯ ನೆತ್ತಿಯ ಮೇಲೆ ಠಣಾರ್ ಎಂದರೆ ಕೇಳಬೇಕೆ? ಮೇಷ್ಟ್ರು ಊರುಗೋಲು ಹಿಡಿದು ಮಹಡಿ ಹತ್ತಿ ಬಂದರು.

"ನೋಡಿ ಇವರೇ, ಎರಡನೇ ಸಲ ಹೇಳೋ ಅಭ್ಯಾಸ ನನಗಿಲ್ಲ. ಆ ಬಂದೂಕಿನ ಸದ್ದು ಇನ್ನೊಂದು ಸಲ ಕೇಳಿಸಿದ್ರೆ ತಿಂಗಳ ಕೊನೇಲಿ ಮನೆ ಖಾಲಿ ಮಾಡ್ಬೇಕಾಗುತ್ತೆ."

"ಮುಟ್ಟಲ್ಲ ಸಾರ್. ಇವತ್ತೇ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ತೀನಿ."

"ಮಾತು?"

"ಮಾತು ಸಾರ್."

ಮಾತು ಕೊಟ್ಟ ನಾಲಿಗೆ ಒಣಗುವ ಮುಂಚೆಯೇ ಅವನ ತಲೆಯಲ್ಲಿ ಬೇರೆ ಯೋಚನೆ ಸುರುವಾಗಿತ್ತು. ಆ ಮನೆ ಬಿಟ್ಟರೆ ಅಷ್ಟು ಬೆಳಕಿನ ಮನೆ ಎಲ್ಲೂ ಸಿಗದು. ಹೆಂಡತಿಯ ಶಾಲೆ ಎದುರು ಬೀದಿಯಲ್ಲೇ ಇತ್ತು. ಅಭ್ಯಾಸ ಬಿಟ್ಟರೆ ಸ್ಪರ್ಧೆಯಲ್ಲಿ ಮಾನ ಹೋಗುತ್ತದೆ. ಮೇಷ್ಟ್ರಿಗೆ ಬೇಡವಾದದ್ದು ಸದ್ದು ತಾನೆ? ಸದ್ದನ್ನು ತೆಗೆದುಹಾಕಿದರೆ ಮಾತು ಮುರಿದಂತೆ ಹೇಗಾಗುತ್ತದೆ? ಹೀಗೆಂದು ತನ್ನ ಪರವಾಗಿ ತಾನೇ ವಾದಿಸಿ, ತಾನೇ ತೀರ್ಪು ಕೊಟ್ಟುಕೊಂಡ.

ಮೊದಲು ಮರಳು ತುಂಬಿದ ಪೆಟ್ಟಿಗೆ ಮಾಡಿದ. ಸದ್ದು ಕಡಿಮೆಯಾಯಿತು, ಆದರೆ ಗುಂಡು ಹೊಕ್ಕ ತೂತುಗಳಿಂದ ಮರಳು ಸೋರಿ ಎರಡು ದಿನದಲ್ಲಿ ಓಣಿ ಹೊಳೆದಂಡೆಯಾಯಿತು. ಆಮೇಲೆ ಹಳೆಬಟ್ಟೆ ಗಿಡಿದು ತುಂಬಿದ. ಅದು ಎಲ್ಲ ರೀತಿಯಿಂದಲೂ ಚೆನ್ನಾಗಿತ್ತು. ಹಳೆಬಟ್ಟೆ ಎಂದು ತಾನು ತಿಳಿದ ಒಂದು ಶಾಲು ಹೆಂಡತಿಯ ಲೆಕ್ಕದಲ್ಲಿ ಹೊಸದಾಗಿತ್ತು ಎಂಬುದೊಂದನ್ನು ಬಿಟ್ಟರೆ. ಅದರಲ್ಲಿ ಇಪ್ಪತ್ತಮೂರು ತೂತು ಬಿದ್ದಿದ್ದವು. ಕೊನೆಗೆ ಹಾರ್ಡ್‌ವೇರ್ ಅಂಗಡಿಗೆ ಹೋದ.

"ಮೆತ್ತಗಿರಬೇಕು. ಏಟು ಬಿದ್ರೆ ನುಂಗಿಬಿಡಬೇಕು. ಹೊರಗಿನೋರಿಗೆ ಕೇಳಿಸಬಾರದು" ಎಂದ.

ಅಂಗಡಿಯವನು ತೂಕದ ಬಟ್ಟಲು ಕೆಳಗಿಟ್ಟು ಅವನನ್ನೇ ನೋಡಿದ. "ಏನಕ್ಕೆ ಸಾರ್?"

"ಅದು ಮನೆ ವಿಷಯ. ಹೇಳೋ ಹಾಗಿಲ್ಲ."

ಅಂಗಡಿಯವನು ಹೆಚ್ಚು ಕೇಳಲಿಲ್ಲ. ಪೈಪಿನ ಸಂದಿಗೆ ಮೆತ್ತುವ, ವರ್ಷವಾದರೂ ಒಣಗದ, ಮೇಣದಂಥ ಒಂದು ಬೂದು ಮಣ್ಣಿನ ಉಂಡೆಗಳನ್ನು ಕಟ್ಟಿಕೊಟ್ಟ. "ಗೋಡೆಗೂ ಏನಾದ್ರೂ ಹೊದಿಸಿ ಸಾರ್" ಎಂದು ಸಲಹೆಯನ್ನೂ ಕೊಟ್ಟ, ದನಿ ತಗ್ಗಿಸಿ.

ಪೆಟ್ಟಿಗೆ ನಿಜವಾಗಿ ಸೊಗಸಾಗಿ ಬಂತು. ಎರಡಡಿ ಅಗಲ, ಎರಡಡಿ ಎತ್ತರ. ಹಿಂದೆ ದಪ್ಪ ಹಲಗೆ, ಹಲಗೆಯ ಮೇಲೆ ನಾಲ್ಕು ಬೆರಳು ದಪ್ಪ ಆ ಮೇಣಮಣ್ಣು, ಅದರ ಮುಂದೆ ಗುರಿಯ ಕಾಗದ. ಪೆಟ್ಟಿಗೆಯ ಹಿಂದೆ ಗೋಡೆಗೆ ಮಡಿಸಿದ ಹಾಸಿಗೆ, ಎಡಬಲಕ್ಕೆ ಕಂಬಳಿ. ಬಾಗಿಲಿಗೆ ಚಿಲಕ, ಕಿಟಕಿಗೆ ಪರದೆ. ಏರ್‌ಗನ್ನಿನ ಸ್ಪ್ರಿಂಗಿಗೇ ಒಂದು ಟಪ್ ಎನ್ನುವ ಸದ್ದಿತ್ತಲ್ಲ, ಅದಕ್ಕಾಗಿ ಅವನು ರಜಾಯಿಯೊಂದನ್ನು ತಲೆಯ ಮೇಲಿಂದ ಹೊದ್ದು, ನಳಿಗೆಯ ತುದಿಯೂ ಒಂದು ಕಣ್ಣೂ ಮಾತ್ರ ಹೊರಗೆ ಕಾಣುವಂತೆ ಕೂತ. ಹೆಂಡತಿ ಪುಸ್ತಕ ಹಿಡಿದು ಅವನ ಬೆನ್ನ ಹಿಂದೆ ನಿಂತಳು. ಗುಂಡು ಹೋಯಿತು, ಮಣ್ಣು ಅದನ್ನು ನುಂಗಿತು. ಧಪ್. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ, ಅಷ್ಟೇ. ಗಂಡಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ಕೆಳಗೆ ಮೇಷ್ಟ್ರು ಗೊರಕೆ ಹೊಡೆಯುತ್ತಲೇ ಇದ್ದರು.

ಹೀಗೆ ಬಂದೂಕಿನ ಸದ್ದು ಸತ್ತಿತು. ಉಳಿದ ಸದ್ದುಗಳ ಬಗ್ಗೆ ಮಾತ್ರ ಇಬ್ಬರೂ ಯೋಚಿಸಿರಲಿಲ್ಲ.

ಗೋಡೆಯ ಆಚೆ ಟೈಲರಮ್ಮನ ಮನೆ. ದಿನವಿಡೀ ಹೊಲಿಗೆಯಂತ್ರ ತುಳಿಯುವ ಹೆಂಗಸು, ಒಂದು ಸಂಜೆ ದಾರ ಕಡಿದು ಯಂತ್ರ ನಿಲ್ಲಿಸಿದಳು. ಆಚೆಯಿಂದ ಬಂದದ್ದು ಇದು:

"ನೆಟ್ಟಗೆ ಕೂತ್ಕೊಳ್ಳಿ! ಅಲ್ಲಾಡ್ಬೇಡಿ ಅಂದೆ ನಾನು!"

ಧಪ್.

"ಅಯ್ಯೋ!"

"ತಪ್ಪು ಯಾರದು?"

"ನಂದೇ ಕಣೆ."

"ಇನ್ನೊಂದು. ಕಣ್ಣು ಮುಚ್ಚಬೇಡಿ."

ಧಪ್. "ಅಯ್ಯೋ, ಅಯ್ಯೋ!"

"ಇನ್ನೂ ಹದಿನೆಂಟು ಬಾಕಿ ಇದೆ. ಮುಗಿಯೋವರೆಗೂ ಊಟ ಇಲ್ಲ."

"ಭುಜ ಬಿದ್ದೋಗ್ತಿದೆ ಕಣೆ, ಸಾಕು..."

"ಗಂಡಸಲ್ವಾ ನೀವು? ಇನ್ನೊಂದು!"

ಟೈಲರಮ್ಮ ಎದೆ ಹಿಡಿದುಕೊಂಡಳು. ಕಾಲರು ಹೊಲಿಯಬೇಕಾದಲ್ಲಿ ತೋಳು ಹೊಲಿದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅಳತೆ ಕೊಡಲು ಬಂದ ಇಬ್ಬರಿಗೆ, ಅಂಗಿ ತೆಗೆದುಕೊಂಡು ಹೋಗಲು ಬಂದ ಮೂವರಿಗೆ ವಿಷಯ ತಿಳಿದಿತ್ತು. ಅವರಲ್ಲಿ ಒಬ್ಬರು ಕೆಳಗಿನ ಮೇಷ್ಟ್ರ ಹೆಂಡತಿ. "ನನಗೂ ಧಪ್ ಧಪ್ ಅಂತ ಕೇಳಿಸ್ತಿತ್ತು ಕಣಮ್ಮ, ಹಾಸಿಗೆ ಕೊಡವ್ತಾರೆ ಅಂದ್ಕೊಂಡಿದ್ದೆ" ಎಂದು ಅವರೂ ಬೆರಳು ಕಚ್ಚಿದರು.

ಸಾಕ್ಷಿ ಬೇಕೆನ್ನುವವರಿಗೆ ಸಾಕ್ಷಿಯೂ ನಡೆದುಕೊಂಡೇ ಬರುತ್ತಿತ್ತು. ಏರ್‌ಗನ್ನಿನ ಹಿಂಬದಿ ಒತ್ತಿ ಅವನ ಕೆನ್ನೆಯ ಮೇಲೆ ಹೆಪ್ಪುಗಟ್ಟಿದ ಕಲೆಯಾಗಿತ್ತು. ನಳಿಗೆ ಮಡಿಸುವಾಗ ಸಿಕ್ಕಿಕೊಂಡು ಹೆಬ್ಬೆರಳಿಗೆ ಪಟ್ಟಿ ಬಿದ್ದಿತ್ತು. ರಜಾಯಿಯೊಳಗೆ ಕೂತು ಕೂತು ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಏನಾಯಿತೆಂದು ಯಾರಾದರೂ ಕೇಳಿದರೆ, ಮೇಷ್ಟ್ರ ಕಿವಿಗೆ ಬಿದ್ದೀತೆಂಬ ಭಯದಿಂದ, "ಬಾಗಿಲು ತಾಗಿತು" ಎನ್ನುತ್ತಿದ್ದ. ಬಾಗಿಲು ತಾಗಿತು ಎಂದು ಯಾರು ಯಾವಾಗ ಹೇಳುತ್ತಾರೆಂಬುದು ಕೇಳಿದವರಿಗೆಲ್ಲ ಗೊತ್ತಿತ್ತು.

ಹಾರ್ಡ್‌ವೇರ್ ಅಂಗಡಿಯವನಿಗೆ ಈಗ ಎಲ್ಲ ಅರ್ಥವಾಯಿತು. "ಹೊರಗೆ ಕೇಳಿಸಬಾರದು ಅಂತ ಪಾಪ, ತಾನೇ ಬಂದು ತಗೊಂಡು ಹೋದ. ಏಟು ತಿನ್ನೋನೂ ಅವನೇ, ಮಾನ ಮುಚ್ಚೋನೂ ಅವನೇ" ಎಂದು ಮೊಳೆ ಕೊಳ್ಳಲು ಬಂದವರ ಹತ್ತಿರವೆಲ್ಲ ಕಣ್ಣೊರೆಸಿಕೊಂಡ.

ಪಾರ್ಸೆಲ್ ಕಳಿಸಲು ಬಂದ ಟೈಲರಮ್ಮನಿಂದ ಸುದ್ದಿ ಪೋಸ್ಟಾಫೀಸನ್ನೂ ಮುಟ್ಟಿತು. ಪೋಸ್ಟ್‌ಮಾಸ್ಟರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರು. ತಾವೇ ಕುರ್ಚಿ ಎಳೆದು ಕೊಟ್ಟರು. ಹನ್ನೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು.

"ಮನೇಲಿ ದಿನಾ ನಡೀತಿದೆಯಂತೆ?"

ಸ್ಪರ್ಧೆಯ ತಯಾರಿ ವಿಚಾರಿಸುತ್ತಿದ್ದಾರೆಂದು ಅವನಿಗೆ ಹೆಮ್ಮೆಯೆನಿಸಿತು. "ತಪ್ಪದೆ ನಡೀತಿದೆ ಸಾರ್. ಬೆಳಿಗ್ಗೆ ಇಪ್ಪತ್ತು, ಸಂಜೆ ನಲವತ್ತು."

ಪೋಸ್ಟ್‌ಮಾಸ್ಟರ ಕೈಯಲ್ಲಿದ್ದ ಪೆನ್ನು ಮೇಜಿಗೆ ಬಿತ್ತು. "ಅರವತ್ತು! ದಿನಕ್ಕೆ?"

"ರಜಾ ದಿನ ನೂರು ಸಾರ್."

"ಎಣಿಸೋರು ಯಾರು?"

"ಅವಳೇ ಸಾರ್. ಪುಸ್ತಕದಲ್ಲಿ ಬರೆದಿಡ್ತಾಳೆ. ಒಂದು ಕಮ್ಮಿಯಾದ್ರೂ ತಟ್ಟೆ ಹಾಕಲ್ಲ."

"ನೀವು ಬೇಡ ಅನ್ನಲ್ವೇನ್ರೀ?"

"ಯಾಕೆ ಅನ್ಲಿ ಸಾರ್? ನನ್ನ ಒಳ್ಳೇದಕ್ಕೇ ಅಲ್ವಾ? ಮೊದಮೊದಲು ಕಷ್ಟ ಆಗ್ತಿತ್ತು, ಈಗ ಒಂದು ದಿನ ಇಲ್ಲಾಂದ್ರೆ ಕೈಕಾಲು ಆಡಲ್ಲ."

ಪೋಸ್ಟ್‌ಮಾಸ್ಟರು ಎದ್ದು ಕಿಟಕಿಯನ್ನೂ ಮುಚ್ಚಿದರು. ಆಮೇಲೆ ಬಗ್ಗಿ ಪಿಸುಗುಟ್ಟಿದರು, "ನಮ್ಮನೇಲಿ ಬರೀ ಮಾತು. ಮಾತೇ ಹೆಚ್ಚು ಅಂದ್ಕೊಂಡಿದ್ದೆ. ನಾನು ಪುಣ್ಯವಂತ ಕಣ್ರೀ." ಅಂದಿನಿಂದ ಅವನಿಗೆ ಮೊಹರಿನ ಕೆಲಸ ಬೇಡವೆಂದು, ಗೋಂದು ಹಚ್ಚಿದರೆ ಸಾಕೆಂದು ಅಪ್ಪಣೆಯಾಯಿತು. ಒಂದು ವಾರ ಊರಿನ ಕಾಗದಗಳೆಲ್ಲ ಸರಿಯಾದ ವಿಳಾಸಕ್ಕೆ ತಲುಪಿದವು.

ಸತ್ಯ ಅವನಿಗೆ ತಿಳಿದದ್ದು ಮೆಟ್ಟಿಲ ಮೇಲೆ. ಮೇಷ್ಟ್ರು ಅವನನ್ನು ಅಡ್ಡಹಾಕಿ, ಹೆಗಲ ಮೇಲೆ ಕೈಯಿಟ್ಟರು. ಆ ಕೈ ಯಾರ ಹೆಗಲ ಮೇಲೂ ಪ್ರೀತಿಗೆ ಬಿದ್ದ ಕೈಯಲ್ಲ.

"ನೋಡಿ ಇವರೇ, ನನ್ನ ಮನೆಯವಳು ಎಲ್ಲಾ ಹೇಳಿದ್ಲು. ಹೆಂಡತಿ ಕೈಲಿ ದಿನಾ ಪೆಟ್ಟು ತಿಂತಾ ಎಷ್ಟು ದಿನ ಅಂತ ಸುಮ್ಮನಿರ್ತೀರಿ?"

ಅವನಿಗೆ ಮೊದಲು ನಗು ಬಂತು. "ಪೆಟ್ಟಾ? ಛೆ ಛೆ, ಯಾರು ಸಾರ್ ಹೇಳಿದ್ದು? ಅವಳು ಒಂದು ಸೊಳ್ಳೇನೂ ಹೊಡೆಯಲ್ಲ."

"ಹಾಗಾದ್ರೆ ದಿನಾ ಸಂಜೆ ಧಪ್ ಧಪ್ ಅನ್ನೋದು ಏನು?" ಮೇಷ್ಟ್ರ ಹುಬ್ಬು ಮೇಲೇರಿತು, ಕೈ ಹೆಗಲಿನಿಂದ ಇಳಿಯಿತು. "ಆ ಬಂದೂಕೇನಾದ್ರೂ ಮತ್ತೆ...?"

ಒಂದು ಕಡೆ ಹೆಂಡತಿಯ ಹೆಸರು, ಇನ್ನೊಂದು ಕಡೆ ಹದಿನಾಲ್ಕು ಹೆಜ್ಜೆಯ ಓಣಿ, ಬೆಳಕಿನ ಮನೆ, ಸ್ಪರ್ಧೆ, ಚಪ್ಪಾಳೆ. ಯೋಚಿಸಲು ಸಿಕ್ಕಿದ್ದು ಒಂದು ಮೆಟ್ಟಿಲಿಳಿಯುವಷ್ಟು ಹೊತ್ತು. ಆ ಹೊತ್ತಿನಲ್ಲೂ ಅವನ ಗುರಿ ತಪ್ಪಿತು.

"ಬಂದೂಕಲ್ಲ ಸಾರ್" ಎಂದ ತಲೆ ತಗ್ಗಿಸಿ. "ನೀವು ಹೇಳಿದ್ದೇ... ಸರಿ."

"ಹೊಡೀತಾರೆ?"

"ಸ್ವಲ್ಪ."

ಮೇಷ್ಟ್ರು ಅವನನ್ನು ತಬ್ಬಿಕೊಂಡರು.

ಮನೆಗೆ ಬಂದವನು ಹೆಂಡತಿಗೆ ಏನೂ ಹೇಳಲಿಲ್ಲ. ಅವಳು ಬಡಿಸಿದ್ದನ್ನು ಉಂಡು, ಅವಳ ಮುಖ ನೋಡಲಾಗದೆ, ತಾನಾಗಿಯೇ ಹತ್ತು ಗುಂಡು ಹೆಚ್ಚು ಹಾರಿಸಿದ. ಪಾಪ, ಅವಳು ಅದನ್ನು ಶ್ರದ್ಧೆ ಎಂದುಕೊಂಡಳು. ಎರಡು ದಿನದಿಂದ ಶಾಲೆಯಲ್ಲಿ ಉಳಿದ ಟೀಚರುಗಳು ಅವಳ ಬೆತ್ತವನ್ನು ಬಚ್ಚಿಡುತ್ತಿದ್ದುದೂ, ಮುಖ್ಯೋಪಾಧ್ಯಾಯಿನಿ 'ನಿಮಗೆ ರಜೆ ಬೇಕಾದ್ರೆ ಕೇಳಿ' ಎಂದು ನಾಲ್ಕು ಮಾರು ದೂರದಿಂದಲೇ ಹೇಳಿದ್ದೂ ಅವಳಿಗೆ ಒಗಟಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೇಷ್ಟ್ರ ನಡುಮನೆಯಲ್ಲಿ ಸಭೆ ಸೇರಿತು. ಮೇಷ್ಟ್ರು ಕಾಗದ ಬರೆದು ಕರೆಸಿದ್ದ ಭಾವನೂ, ಹೆಂಡತಿಯ ತಾಯಿಯಾದ ಅತ್ತೆಯೂ ಬಂದಿದ್ದರು. ಟೈಲರಮ್ಮ ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದಳು. ಪೋಸ್ಟ್‌ಮಾಸ್ಟರು ಇಲಾಖೆಯ ಪರವಾಗಿ ಬಂದಿದ್ದರು. ಹೆಂಡತಿಯನ್ನು ನಡುವೆ ಸ್ಟೂಲಿನ ಮೇಲೆ ಕೂರಿಸಿದರು. ಅವನು ಅತ್ತೆಯ ಹಿಂದೆ, ಅರ್ಧ ಮರೆಯಾಗಿ ಕೂತ.

ಭಾವ ಶುರುಮಾಡಿದ. "ನಿನ್ನನ್ನ ನಾವು ಹೀಗೆ ಬೆಳೆಸಿರಲಿಲ್ಲ ಕಣೆ. ಕಟ್ಟಿಕೊಂಡ ಗಂಡನ ಮೇಲೆ ಕೈ ಮಾಡೋದಾ? ಅದೂ ಎಣಿಸಿ ಎಣಿಸಿ?"

"ಚಿಕ್ಕೋಳಿದ್ದಾಗಿಂದ್ಲೂ ಅವಳ ಕೈ ಸ್ವಲ್ಪ ಜೋರೇ" ಎಂದು ಅತ್ತೆ ಮೂಗೊರೆಸಿಕೊಂಡರು. "ಇವನನ್ನೂ ಒಂದು ಮಾತು ಕೇಳಿದ್ದೆ ಮದುವೆಗೆ ಮುಂಚೆ, ತಡ್ಕೋತೀಯೇನಪ್ಪಾ ಅಂತ."

ಹೆಂಡತಿ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದಳು. "ಯಾರು, ನಾನಾ? ಇವರನ್ನಾ? ಯಾರು ಹೇಳಿದ್ದು?"

"ನಿಮ್ಮ ಯಜಮಾನ್ರೇ ನನ್ನ ಮುಂದೆ ಒಪ್ಪಿಕೊಂಡಿದ್ದಾರೆ" ಎಂದರು ಮೇಷ್ಟ್ರು.

ಅವಳು ತಿರುಗಿ ಅವನನ್ನು ನೋಡಿದಳು. ಅವನು ಚಾಪೆಯ ಅಂಚಿನ ದಾರ ಕೀಳುತ್ತಿದ್ದ. ಅವಳು ದಡ್ಡಿಯಲ್ಲ, ಮೇಷ್ಟ್ರ ಮುಖ, ಗಂಡನ ಮುಖ, ಮೇಲಿನ ಮಾಳಿಗೆ, ಮೂರನ್ನೂ ಒಂದು ಸುತ್ತು ನೋಡುವಷ್ಟರಲ್ಲಿ ಎಲ್ಲವೂ ಅರ್ಥವಾಯಿತು. ಅಟ್ಟದ ಮೇಲಿರಬೇಕಾದ ಏರ್‌ಗನ್ ಓಣಿಯಲ್ಲಿದೆ ಎಂಬ ಒಂದು ಮಾತು ಹೇಳಿದರೆ ಅವಳು ಗೆದ್ದಳು, ಮನೆ ಹೋಯಿತು. ಅವಳು ಆ ಮಾತು ಹೇಳಲಿಲ್ಲ.

"ಅವರೇ ಒಪ್ಪಿಕೊಂಡಿದ್ರೆ ಸರಿ" ಎಂದಳು. ಮೈದಾನದ ದನಿ ಎಲ್ಲಿ ಹೋಗಿತ್ತೋ, ಅಷ್ಟು ಮೆಲ್ಲಗೆ. "ಅವರು ಸುಳ್ಳು ಹೇಳೋರಲ್ಲ."

ಅವನಿಗೆ ಅಲ್ಲಿಯೇ ನೆಲಕ್ಕಿಳಿದುಹೋಗೋಣ ಎನ್ನಿಸಿತು. ಅರವತ್ತು ಏಟು ನಿಜವಾಗಿ ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಎದ್ದು ನಿಂತ.

"ನಾನೇ ಸುಳ್ಳು ಹೇಳಿದ್ದು. ಅವಳು ನನ್ನ ಮೈ ಮುಟ್ಟಿಲ್ಲ. ಏರ್‌ಗನ್ ಅಭ್ಯಾಸ ಮಾಡ್ತಿದ್ವಿ. ಸದ್ದಾಗದ ಪೆಟ್ಟಿಗೆ ಮಾಡಿದೀನಿ. ಬನ್ನಿ ಬೇಕಾದ್ರೆ, ಮೇಲೇ ಇದೆ. ಮನೆ ಖಾಲಿ ಮಾಡ್ಸೋದಾದ್ರೆ ಮಾಡ್ಸಿ ಸಾರ್, ಅವಳನ್ನ ಮಾತ್ರ ಏನೂ ಅನ್ಬೇಡಿ." ಇನ್ನೂ ಏನೋ ಹೇಳಬೇಕೆನಿಸಿ, "ಬಿಳೀ ಬಲೂನೂ ಸುಳ್ಳು. ಸೀನು ಬಂದಿತ್ತು" ಎಂದೂ ಸೇರಿಸಿದ.

ಎಲ್ಲರ ಕಣ್ಣೂ ಒದ್ದೆಯಾಯಿತು. ಒಬ್ಬರೂ ನಂಬಲಿಲ್ಲ.

"ಎಂಥಾ ಮನುಷ್ಯ ಕಣ್ರೀ!" ಎಂದರು ಪೋಸ್ಟ್‌ಮಾಸ್ಟರು. "ಹೆಂಡತೀನ ಉಳಿಸೋಕೆ ತನ್ನ ಕೀರ್ತೀನೇ ಬಿಟ್ಟುಕೊಡ್ತಿದ್ದಾನೆ."

"ಹೆದರ್ಕೊಂಡಿದ್ದಾರೆ ಪಾಪ" ಎಂದಳು ಟೈಲರಮ್ಮ. "ಆಯಮ್ಮ ತಿರುಗಿ ನೋಡಿದ್ದು ಕಾಣಲಿಲ್ವಾ?"

ಕೊನೆಗೆ ಪರೀಕ್ಷೆ ಮಾಡುವುದೆಂದು ಮೇಷ್ಟ್ರೇ ತೀರ್ಮಾನಿಸಿದರು. ಟೈಲರಮ್ಮ ತನ್ನ ಮನೆಗೆ ಹೋಗಿ ಗೋಡೆಗೆ ಕಿವಿಯಿಡುವುದು, ಮೇಷ್ಟ್ರ ಹೆಂಡತಿ ಕೆಳಗೆ ತಮ್ಮ ಅಡುಗೆಮನೆಯಲ್ಲೇ ನಿಂತು ಆಲಿಸುವುದು, ಉಳಿದವರು ಮೇಲೆ ಹೋಗುವುದು. ಕೇಳಿದ ಸದ್ದು ಅದೇ ಸದ್ದು ಎಂದು ಇಬ್ಬರಲ್ಲಿ ಒಬ್ಬರು ಗುರುತಿಸಿದರೂ ಹೆಂಡತಿ ನಿರಪರಾಧಿ.

ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ಅವನ ಬೆನ್ನ ಹಿಂದೆ ಸಾಲಾಗಿ ನಿಂತರು. ಅವನು ರಜಾಯಿ ಹೊದ್ದು, ಉಸಿರು ಹಿಡಿದು, ಕುದುರೆ ಎಳೆದ. ಧಪ್. ಭಾವ ಹೋಗಿ ಕಾಗದ ನೋಡಿ ಬಂದ. ಗುಂಡು ನಡುವಿನ ಕಪ್ಪು ಚುಕ್ಕಿಯಲ್ಲೇ ಹೊಕ್ಕಿತ್ತು. ಜೀವಮಾನದಲ್ಲಿ ಮೊದಲ ಸಲ.

ಗೋಡೆಯ ಆಚೆಯಿಂದ ಟೈಲರಮ್ಮ ಕೂಗಿದಳು, "ಧಪ್ ಸರಿ ಇದೆ! ಅಯ್ಯೋ ಬರಲಿಲ್ಲ!"

"ಅಯ್ಯೋ ಯಾಕೆ ಬರಲಿಲ್ಲ?" ಎಂದರು ಮೇಷ್ಟ್ರು.

"ಗುರಿ ತಪ್ಪಿದ್ರೆ ತಾನಾಗೇ ಬರುತ್ತೆ ಸಾರ್. ಇದು ತಪ್ಪಲಿಲ್ಲ."

"ಹಾಗಾದ್ರೆ ತಪ್ಪಿಸ್ರೀ!"

ಬೇಕೆಂದೇ ಕಾಗದದ ಎಡಮೂಲೆಗೆ ಗುರಿಯಿಟ್ಟ. ಧಪ್. ಕಪ್ಪು ಚುಕ್ಕಿ. ಬಲಮೂಲೆಗೆ ಇಟ್ಟ. ಕಪ್ಪು ಚುಕ್ಕಿ. ಬೆವರು ಇಳಿಯತೊಡಗಿತು. ಹನ್ನೆರಡು ವರ್ಷ ಬೇಡವೆಂದರೂ ತಪ್ಪುತ್ತಿದ್ದ ಗುರಿ, ಹೆಂಡತಿಯ ಮಾನ ಉಳಿಸಲು ಒಂದೇ ಒಂದು ಸಲ ತಪ್ಪು ಎಂದರೆ ತಪ್ಪಲೊಲ್ಲದು!

"ಸುಮ್ನೆ ಬಾಯಲ್ಲಿ ಅಯ್ಯೋ ಅಂದ್ಬಿಡಿ ಭಾವ" ಎಂದು ಭಾವ ಪಿಸುಗುಟ್ಟಿದ.

"ಅಯ್ಯೋ" ಎಂದ.

"ಇದು ನಾಟಕದ ಅಯ್ಯೋ!" ಗೋಡೆ ಕೂಗಿತು. "ಅದು ಕರುಳಿಂದ ಬರ್ತಿತ್ತು!"

ಅಲ್ಲಿಯವರೆಗೆ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಹೆಂಡತಿಯ ತಾಳ್ಮೆ ಹರಿಯಿತು. ಎರಡು ದಾಪುಗಾಲಿಗೆ ಬಂದು ಬೆನ್ನ ಹಿಂದೆ ನಿಂತಳು. ಮೈದಾನದ ದನಿ ಸಂಪೂರ್ಣವಾಗಿ ಮರಳಿ ಬಂದಿತ್ತು.

"ತಪ್ಪೋಕೂ ನೆಟ್ಟಗೆ ಬರಲ್ವೇನ್ರೀ ನಿಮಗೆ? ಭುಜ ಇಳಿಸಿ! ಕಣ್ಣು ಮುಚ್ಚಬೇಡಿ! ಅಲ್ಲಾಡ್ಬೇಡಿ ಅಂದೆ ನಾನು!"

ಆ ದನಿ ಕಿವಿಗೆ ಬಿದ್ದದ್ದೇ ತಡ, ಕುದುರೆ ಎಳೆದೇಬಿಟ್ಟ. ಗುಂಡು ಕಾಗದ ಬಿಟ್ಟು ಪೆಟ್ಟಿಗೆಯ ತೀರಾ ಅಂಚಿನ ಮಣ್ಣಿಗೆ ಹೋಗಿ ಬಿತ್ತು. ಧಪ್. "ಅಯ್ಯೋ!"

"ಇದೇ! ಇದೇ!" ಎಂದು ಟೈಲರಮ್ಮ ಗೋಡೆ ಗುದ್ದಿದಳು. "ಇದೇ ಕಣ್ರೀ, ನಾನು ಕೇಳಿದ್ದು ಇದೇ!"

ಅತ್ತೆ ಮಗಳನ್ನು ತಬ್ಬಿಕೊಂಡರು. ಭಾವ ತಂಗಿಯ ಮುಂದೆ ಕಿವಿ ಹಿಡಿದುಕೊಂಡ. ಪೋಸ್ಟ್‌ಮಾಸ್ಟರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಗಂಡಹೆಂಡತಿ ಮಾತ್ರ ಕಪ್ಪು ಚುಕ್ಕಿಯ ಮೂರು ಗುಂಡನ್ನೂ ಅಂಚಿನ ಒಂದು ಗುಂಡನ್ನೂ ನೋಡುತ್ತ ನಿಂತರು. ಇಷ್ಟು ದಿನ ಗುರಿ ಯಾಕೆ ತಪ್ಪುತ್ತಿತ್ತೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮುಂದೆ ಸ್ಪರ್ಧೆಯ ದಿನ ಅವಳು ಪ್ರೇಕ್ಷಕರ ಸಾಲಿನಿಂದ ಒಂದೇ ಒಂದು ಸಲ 'ಅಲ್ಲಾಡ್ಬೇಡಿ' ಎಂದದ್ದಕ್ಕೆ ಅವನ ಗುಂಡು ಪಕ್ಕದವನ ಕಾಗದದ ನಟ್ಟನಡುವೆ ಹೊಕ್ಕು, ಆ ಪಕ್ಕದವನಿಗೆ ಮೊದಲ ಬಹುಮಾನ ಬಂತು. ಅದನ್ನು ಅವನು ಈಗಲೂ ತನ್ನದೇ ಬಹುಮಾನ ಎನ್ನುತ್ತಾನೆ.

"ತಪ್ಪಾಯ್ತು ಕಣೆ" ಎಂದ ಅವನು ಅಂದು ಆ ಓಣಿಯಲ್ಲಿ, ಎಲ್ಲರ ಮುಂದೆ.

"ಆಮೇಲೆ ಇದೆ ನಿಮಗೆ" ಎಂದಳು. ಆದರೆ ಅವನ ಹೆಬ್ಬೆರಳಿನ ಬಿಚ್ಚಿದ ಪಟ್ಟಿಯನ್ನು ಕಟ್ಟುತ್ತಲೇ ಎಂದಳು.

ಉಳಿದದ್ದು ಮೇಷ್ಟ್ರು. ಮಾತು ಮುರಿದವನ ಮನೆಯಲ್ಲಿ ಮಾತು ತೆಗೆದುಕೊಂಡವರು ನಿಂತಿದ್ದರು. ಅವರು ಪೆಟ್ಟಿಗೆಯ ಹತ್ತಿರ ಹೋಗಿ ಮಣ್ಣನ್ನು ಊರುಗೋಲಿನಿಂದ ತಟ್ಟಿದರು. ಸದ್ದಿಲ್ಲ. ಇನ್ನೊಮ್ಮೆ ಜೋರಾಗಿ ಕುಟ್ಟಿದರು. ಆಗಲೂ ಇಲ್ಲ.

"ಮೂರು ವಾರದಿಂದ ದಿನಾ ಸಂಜೆ ನಡೀತಿತ್ತಾ ಇದು?"

"ಹೌದು ಸಾರ್."

"ನನಗೆ ಒಂದು ದಿನವೂ ಎಚ್ಚರ ಆಗಿಲ್ಲ" ಎಂದರು, ಯಾವುದೋ ದೇವರ ಪವಾಡ ನೋಡಿದವರಂತೆ. ಗಂಟಲು ಸರಿಮಾಡಿಕೊಂಡರು. "ಮೂವತ್ತೊಂದು ವರ್ಷ ಕೊನೇ ಬೆಂಚಿಗೆ ಸೀಮೆಸುಣ್ಣ ಎಸೆದ ಕೈ ಇದು. ಒಂದು ದಿನ ತಪ್ಪಿರಲಿಲ್ಲ. ಇಲ್ಲಿ ಕೊಡಿ ನೋಡೋಣ."

ರಜಾಯಿ ಹೊದೆಸಿದರು. ಮೇಷ್ಟ್ರು ಕನ್ನಡಕ ಏರಿಸಿ, ಬಹಳ ಹೊತ್ತು ಗುರಿ ಹಿಡಿದು, ಹಾರಿಸಿದರು. ಧಪ್. ಕಾಗದಕ್ಕೆ ಗಾಳಿಯೂ ತಾಗಲಿಲ್ಲ.

"ಅಯ್ಯೋ!" ಎಂದರು ಮೇಷ್ಟ್ರು, ಕರುಳಿನಿಂದ.

ಅಭ್ಯಾಸಬಲ ಎಂಬುದು ದೊಡ್ಡದು. ಬೆನ್ನ ಹಿಂದೆ ನಿಂತಿದ್ದ ಹೆಂಡತಿಯ ಬಾಯಿಂದ ಹೊರಟೇಬಿಟ್ಟಿತು, "ಅಲ್ಲಾಡ್ಬೇಡಿ ಅಂದೆ! ತಪ್ಪು ಯಾರದು? ಇನ್ನೊಂದು!"

ಧಪ್. "ಅಯ್ಯಯ್ಯೋ!"

ಕೆಳಗಿನ ಅಡುಗೆಮನೆಯಲ್ಲಿ ತಮ್ಮ ಜಾಗ ಬಿಡದೆ ಮಾಳಿಗೆಗೆ ಕಿವಿಯೊಡ್ಡಿ ನಿಂತಿದ್ದ ಮೇಷ್ಟ್ರ ಹೆಂಡತಿಗೆ ಮೇಲಿನ ತೀರ್ಪು ಇನ್ನೂ ಯಾರೂ ತಿಳಿಸಿರಲಿಲ್ಲ. ಆದರೆ ನಲವತ್ತು ವರ್ಷ ಕೇಳಿದ ದನಿ ಯಾರದೆಂದು ಯಾರೂ ತಿಳಿಸಬೇಕಾಗಿರಲಿಲ್ಲ. ಪಾತ್ರೆಯೊಂದು ಬಟ್ಟೆಯಿಲ್ಲದ ಕಟ್ಟೆಯ ಮೇಲೆ ಢಣ್ ಎಂದು ಕೂತ ಸದ್ದಾಯಿತು. ಲಗುಬಗೆಯ ಹೆಜ್ಜೆಗಳು ಮೆಟ್ಟಿಲ ಬುಡಕ್ಕೆ ಬಂದು ನಿಂತವು. ಆ ಮನೆಯಲ್ಲಿ ಯಾರೂ ಎಂದೂ ಕೇಳದಷ್ಟು ಎತ್ತರದ ದನಿಯಲ್ಲಿ ಆಕೆ ಕೂಗಿದರು:

"ನಿಲ್ಲಿಸ್ಬೇಡ ಕಣಮ್ಮಾ! ನನ್ನ ಪಾಲಿಂದೂ ಒಂದು ನಾಲ್ಕು ಬೀಳಲಿ!"